ನೀಲವ್ವನ ಹಾಲ್ಟು

ನೀಲವ್ವನ ಮಾತು ಮೀರಿ ಯಾವ ರೈಲೂ ಆ ಬಯಲು ದಾಟದು ಎಂದು ಹಿಂದೆ ಸುತ್ತಲಿನ ಹಳ್ಳಿಗಳೆಲ್ಲ ನಂಬಿದ್ದವು. ಈಗ ಅಲ್ಲಿರುವುದು ಅಂಗೈಯಷ್ಟು ಸಮವಾಗಿ ಕಾಣುವ ಕರಿಮಣ್ಣಿನ ಬಯಲು, ಒಂದು ಬೇವಿನ ಮರ, ತುಕ್ಕು ಹಿಡಿದ ಹೆಸರಿನ ಹಲಗೆ, ಹಳಿಯ ಪಕ್ಕದಲ್ಲಿ ಎಣ್ಣೆ ಕುಂಕುಮ ಮೆತ್ತಿದ ಒಂದು ಕಲ್ಲು. ನಿಲ್ದಾಣವೆನ್ನಲು ಮತ್ತೇನಿಲ್ಲ; ಮೊದಲೂ ಇರಲಿಲ್ಲ. ಹಿರೇಬೆಣ್ಣಿಯ ನಿಲ್ದಾಣ ಇಲ್ಲಿಂದ ಹರದಾರಿ ದೂರ.

ಕಲ್ಲಿದ್ದಲ ಎಂಜಿನ್ನಿನ ಕಾಲದಲ್ಲಿ ಒಮ್ಮೆ ಸೂಲಗಿತ್ತಿ ನೀಲವ್ವನಿಗೆ ಪೇಟೆಯಿಂದ ಸುದ್ದಿ ಬಂತು: ಒಬ್ಬಳೇ ಮಗಳು ಸಂಕವ್ವನಿಗೆ ಬೇನೆ ಎದ್ದಿದೆ, ಕೂಸು ಅಡ್ಡ ನಿಂತಿದೆ. ಊರವರ ಕೂಸುಗಳನ್ನೆಲ್ಲ ಹೊರಗೆಳೆದ ಕೈ ತನ್ನ ಮಗಳಿಗೆ ಒದಗದಿದ್ದರೆ ಏನು ಬಂತು? ಪೇಟೆಗೆ ದಿನಕ್ಕಿದ್ದುದು ಒಂದೇ ರೈಲು. ಅವಳು ಹೊಲಗಳನ್ನು ಅಡ್ಡ ಹಾಯ್ದು ಹಳಿ ಮುಟ್ಟುವಷ್ಟರಲ್ಲಿ ಅದು ನಿಲ್ದಾಣ ಬಿಟ್ಟು ಬಯಲಿಗೆ ಬಂದಾಗಿತ್ತು. ನೀಲವ್ವ ಹಳಿಯ ಪಕ್ಕ ನೆಟ್ಟಿದ್ದ ಕಲ್ಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯೆತ್ತಿ ಕೂಗಿದಳು: “ನಿಲ್ಲೋ ಭಾಡ್ಯಾ! ನನ್ನ ಬಿಟ್ಟು ಹ್ವಾದ್ರ ನಿನ್ನ ಗಾಲಿ ಮುರದ ಬೀಳ್ಲಿ!”

ರೈಲು ತೇಕುತ್ತ ಬಂದು ನಿಂತೇಬಿಟ್ಟಿತು.

“ನಿನ್ನ ಬಾಯಿಗೆ ಅಂಜಿ ನಿಂತೈತಿ, ಹತ್ತಬೇ ಯವ್ವಾ,” ಎಂದ ಡ್ರೈವರ್ ಮೌಲಾಸಾಬ.

“ಅಂಜಬೇಕು. ಲಗೂ ಹೊಡಿ.”

“ಮೊದ್ಲು ಬೈಗುಳ ವಾಪಸ್ ತಗೋ.”

“ಪ್ಯಾಟಿ ಮುಟ್ಟಿದ ಮ್ಯಾಲ ತಗೋತೀನಿ.”

ಫೈರ್‌ಮನ್ ದುರಗಪ್ಪ ಉಗಿ ಏರಲೆಂದು ಒಲೆಗೆ ಕಲ್ಲಿದ್ದಲು ಸುರಿಯುತ್ತಲೇ ಇದ್ದ. ಎಂಜಿನ್ ಬಹಳ ಹೊತ್ತು ಬುಸುಗುಟ್ಟಿ ಕದಲಿತು. ಅದು ಕ್ಷಮೆ ಬೇಡಿದ್ದು ಎನ್ನುತ್ತಾರೆ. ನೀಲವ್ವ ಪೇಟೆ ಮುಟ್ಟಿದಳು, ಕೂಸನ್ನು ತಿರುಗಿಸಿದಳು, ತಾಯಿ ಮಗು ಇಬ್ಬರೂ ಉಳಿದರು. ಮೌಲಾಸಾಬ ಕಥೆಯನ್ನು ಪ್ರತಿ ನಿಲ್ದಾಣದಲ್ಲಿ ಹೇಳಿದ. ದುರಗಪ್ಪ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಮೌಲಾಸಾಬನೇ ಅದರೊಳಗೆ ಎಲೆಅಡಿಕೆ ತುರುಕಿದ.

ಅಂದಿನಿಂದ ಪೇಟೆಗೆ ಹೋಗುವ ರೈಲು ಅಲ್ಲಿ ನಿಂತೇ ಹೋಗುತ್ತಿತ್ತು ಎನ್ನುತ್ತಾರೆ. ಅದಕ್ಕೂ ಮೊದಲು ನಿಲ್ಲುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ನೋಡಲು ಆ ಬಯಲಿನಲ್ಲಿ ಕುರಿಗಳ ಹೊರತು ಯಾರಿದ್ದರು? ಮರಳುವ ರೈಲು ಮಾತ್ರ ನಿಲ್ಲದೆ ಓಡುತ್ತಿತ್ತು. ನೀಲವ್ವ ಬೇಡಿದ್ದು ಹೋಗುವುದಕ್ಕಷ್ಟೇ ಎಂದು ಸಮಾಧಾನ ಹೇಳಿಕೊಂಡು ಜನ ಹಿರೇಬೆಣ್ಣಿಯಿಂದ ನಡೆದು ಬರುತ್ತಿದ್ದರು. ಆದರೂ ಅದು ಒಳ್ಳೆಯ ಕಾಲ. ಬೇವಿನ ನೆರಳಲ್ಲಿ ಹುರಿದ ಶೇಂಗಾ, ಮಜ್ಜಿಗೆ, ಬೀಗರ ಮಾತು; ದೂರದಲ್ಲಿ ಹೊಗೆ ಕಂಡೊಡನೆ ಗಂಟು ಎತ್ತಿಕೊಳ್ಳುವ ಗದ್ದಲ. ಹತ್ತುವವರನ್ನು ತಡೆಯಲಾರದೆ ರೈಲ್ವೆಯವರೇ ಸೋತು ಹಲಗೆ ನೆಟ್ಟರು. ನೀಲವ್ವ ಸತ್ತ ಮೇಲೆ ಅವಳು ಹಿಡಿದಿದ್ದ ಕಲ್ಲಿಗೆ ಪೂಜೆ ಸಂದಿತು.

ಡೀಸೆಲ್ ಎಂಜಿನ್ ಬಂದ ಮೇಲೆ ರೈಲು ನಿಲ್ಲುವುದನ್ನು ಬಿಟ್ಟಿತು. ಕಾಲ ಕೆಟ್ಟಿತು ಎಂದರು. ಇಂದಿಗೂ ಬಯಲು ಬಂದಾಗ ಕಿಟಕಿಯೊಳಗಿನಿಂದ ಮುದುಕಿಯರು ಕೈ ಮುಗಿಯುತ್ತಾರೆ. ಎಣ್ಣೆ ಒರೆಸಿದರೆ, ಆ ಕಲ್ಲಿನ ಮೇಲೆ ಹಳಿ ಹಾಕಿದವರು ಕೆತ್ತಿದ್ದನ್ನು ಈಗಲೂ ಓದಬಹುದು: ಪೇಟೆಯ ಕಡೆಗೆ ಏರು, ಎಂಬತ್ತು ಅಡಿಗೆ ಒಂದು ಅಡಿ.