ಬಿಳಿಗಾಲಿನ ಮುತ್ತಿ

ನಿಮ್ಮಜ್ಜಿ ಆಗ್ಲೇ ಗೊರಕೆ ಹೊಡೀತಿದಾಳೆ, ಇವತ್ತು ತಾತನ ಬಾಯಲ್ಲೇ ಕೇಳು. ಒಂದಾನೊಂದು ಕಾಲದಲ್ಲಿ, ಕುದುರೆಗಳು ಇನ್ನೂ ಮನುಷ್ಯರನ್ನ ನೋಡಿ ನಗ್ತಿದ್ದ ಕಾಲದಲ್ಲಿ, ಸಾಕವ್ವ ಅಂತ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಸುತ್ತಮುತ್ತ ಯಾರಿಗೆ ಹೆರಿಗೆ ನೋವು ಬಂದ್ರೂ ಮುತ್ತಿ ಅನ್ನೋ ಕುದುರೆ ಹತ್ಕೊಂಡು ಹೋಗೋಳಂತೆ. ಮುತ್ತಿ ಮೈಯೆಲ್ಲ ಕಂದು, ನಾಲ್ಕೂ ಕಾಲು ಮಾತ್ರ ಹಾಲಲ್ಲಿ ಅದ್ದಿ ತೆಗೆದಂಗೆ ಬಿಳುಪು. ಅದು ಸೀನಿದ್ರೆ ಪಕ್ಕದೂರಿನ ಹೆಂಚು ಹಾರ್ತಿದ್ವು. ಸುಳ್ಳಲ್ಲ ಕಣೇ, ಒಂದು ಹೆಂಚು ನಮ್ಮ ಹಿತ್ತಲಲ್ಲೇ ಬಿದ್ದಿದೆ, ಬೆಳಿಗ್ಗೆ ತೋರಿಸ್ತೀನಿ.

ಸಾಕವ್ವನಿಗೆ ಆ ಬಿಳಿಗಾಲಿನ ಮೇಲೆ ಬಲು ಜಂಬ. ಮಳೆಗಾಲದಲ್ಲಿ ಮುತ್ತಿ ಕೆಸರು ತುಳ್ಕೊಂಡು ಬಂದ ತಕ್ಷಣ ಮೂರು ಜನ ಗಂಡುಮಕ್ಳನ್ನ ಕೂಗಿ, ತೊಳೀರ್ರೋ, ಒಂದು ಚುಕ್ಕೆನೂ ಕಾಣಬಾರ್ದು ಅನ್ನೋಳಂತೆ. ಹಂಗೇ ಬೆಳಿಗ್ಗೆ ತೊಳೆದು, ಸಂಜೆ ತೊಳೆದು, ಒದ್ದೆ ಕಾಲಲ್ಲೇ ಒದ್ದೆ ಕೊಟ್ಟಿಗೇಲಿ ಕಟ್ಟಿ ಕಟ್ಟಿ, ಗೊರಸಿನ ಮೇಲಿನ ಚರ್ಮ ಬಿರಿದು, ಹುಣ್ಣಾಗಿ, ಹಕ್ಕಳೆ ಕಟ್ಟಿ, ಮುತ್ತಿ ಕುಂಟೋಕೆ ಶುರುಮಾಡ್ತಂತೆ.

ಅದೇ ಹೊತ್ತಿಗೆ ಹಳ್ಳದಾಚೆ ಊರಿನ ಚಿಕ್ಕೀರಿ ಅನ್ನೋ ಬಸುರಿಗೆ ದಿನ ತುಂಬ್ತಾ ಬಂದಿತ್ತು. ಪಾಪ, ಹಿಂದೆ ಎರಡು ಕೂಸು ಕೈತಪ್ಪಿ ಹೋಗಿದ್ವು. ಅವ್ವಾ, ಈ ಸಲ ನೀನೇ ಬರಬೇಕು ಅಂತ ಸಾಕವ್ವನ ಕೈ ಹಿಡ್ಕೊಂಡು ಅತ್ತಿದ್ದಳು. ಮಂಡಿನೋವಿನ ಮುದುಕಿ ಆ ಕೆಸರಲ್ಲಿ ನಡೆದು ಹೋಗೋದುಂಟೇ?

ದೊಡ್ಡ ಮಗ, ಹುಣ್ಣು ಮಾಯ್ಬೇಕಾದ್ರೆ ಇನ್ನೂ ಚೊಕ್ಕ ಆಗ್ಬೇಕು ಅಂತ ಹೊತ್ತುಹೊತ್ತಿಗೂ ತೊಳೆದನಂತೆ. ಹುಣ್ಣು ಜಾಸ್ತಿ ಆಯ್ತು. ಆಮೇಲೆ ನಡುವಿನೋನು ಹಕ್ಕಳೆ ಎಲ್ಲ ಉಗುರಲ್ಲಿ ಕಿತ್ತನಂತೆ. ರಕ್ತ ಬಂತು. ಮುತ್ತಿ ಒದ್ದ ಏಟಿಗೆ ಹಾರಿ ಅತ್ತೆಮನೆ ಜಗಲಿ ಮೇಲೆ ಬಿದ್ದನಂತೆ, ಅಲ್ಲಿ ಅವತ್ತು ಹೋಳಿಗೆ, ಉಂಡ್ಕೊಂಡೇ ಬಂದ. ಆಮೇಲೆ ಕಿರಿಯೋನು ಅರಿಶಿನ ಮೆತ್ತಿ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿದನಂತೆ. ಒಳಗೊಳಗೇ ಕೀವಾಗಿ, ವಾಸನೆ ಬಂದು, ಮುತ್ತಿ ಮಲಗಿದಲ್ಲಿಂದ ಏಳೋಕೇ ಆಗದೆ ನರಳ್ತಿತ್ತಂತೆ.

ಸಾಕವ್ವ ಅದರ ತಲೆ ತೊಡೆ ಮೇಲಿಟ್ಕೊಂಡು, ಎದ್ದೇಳೇ ನನ್ನವ್ವಾ ಅಂತ ಅಳ್ತಾ ಕೂತಿದ್ದಳಂತೆ. ಆಗ ಕಿರಿಮಗ ತನ್ನ ಹಸುಗೂಸನ್ನ ಎತ್ಕೊಂಡು ಬಂದು, ಅವ್ವಾ, ಈ ಹೊಕ್ಕುಳ ಬಳ್ಳಿ ಇನ್ನೂ ಜೋತಾಡ್ತಿದೆ, ಕಿತ್ತು ತೊಳೆದುಬಿಡ್ಲಾ ಅಂದ. ಮುಟ್ಟಿದ್ರೆ ಕೈ ಮುರೀತೀನಿ, ಮಂಕುದಿಣ್ಣೆ! ನೆನೆಸಬೇಡ, ಎಳೀಬೇಡ, ಒಣಗಿದ್ರೆ ತಾನಾಗೇ ಬೀಳುತ್ತೆ ಅಂತ ಗದರಿದೋಳು, ತೆರೆದ ಬಾಯಿ ತೆರೆದಂಗೇ ಮುತ್ತಿ ಕಾಲು ನೋಡಿದಳಂತೆ. ಅಯ್ಯೋ, ಊರ ಕೂಸುಗಳಿಗೆಲ್ಲ ಹೇಳಿದ್ದನ್ನ ನಿನಗೊಬ್ಬಳಿಗೆ ಮಾಡಲಿಲ್ವಲ್ಲೇ!

ಆಮೇಲೆ ಬಟ್ಟೆ ಬಿಚ್ಚಿ, ಕಾಲಿನ ಉದ್ದ ಕೂದಲು ಕತ್ತರಿಸಿ, ಹಕ್ಕಳೆಗೆ ಎಣ್ಣೆ ಸವರಿ ಮೆತ್ತಗಾಗೋಕೆ ಬಿಟ್ಟು, ತಾನಾಗಿ ಸಡಿಲಾದ್ದನ್ನ ಮಾತ್ರ ತೆಗೆದು, ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಲ್ಲಿ ಒಂದೇ ಸಲ ತೊಳೆದು, ಹಳೇ ಸೀರೆಯಲ್ಲಿ ಒತ್ತಿ ಒತ್ತಿ ಒಣಗಿಸಿ, ಕೆಳಗೆ ಒಣಹುಲ್ಲು ಹಾಸಿದಳಂತೆ. ಹುಲ್ಲು ಒದ್ದೆಯಾದ್ರೆ ಬದಲಾಯಿಸೋಕೆ ಮೂರು ಮಕ್ಳೂ ಸರದಿ. ಬರ್ತಾ ಬರ್ತಾ ಹುಣ್ಣು ಮಾಯ್ತು, ಮುತ್ತಿ ಎದ್ದು ನಿಂತು ಕೊಟ್ಟಿಗೆ ಸೂರು ಹಾರೋ ಹಂಗೆ ಸೀನಿತಂತೆ.

ಚಿಕ್ಕೀರಿಗೆ ನೋವು ಬಂದ ದಿನ ಸಾಕವ್ವನ್ನ ಹೊತ್ಕೊಂಡು ಹಳ್ಳ ದಾಟಿ ಹೋಯ್ತು. ಕೂಸು ಹುಟ್ಟಿ ಅತ್ತ ಜೋರಿಗೆ ಹಳ್ಳದ ಕಪ್ಪೆಗಳೆಲ್ಲ ನಾಚ್ಕೊಂಡು ಬಾಯಿ ಮುಚ್ಚಿದ್ವಂತೆ. ಮನೆಗೆ ಬಂದಾಗ ಮಕ್ಳು ಬಿಂದಿಗೆ ಹಿಡ್ಕೊಂಡು ಓಡಿ ಬಂದ್ರೆ, ಇಡ್ರೋ ಕೆಳಗೆ, ಕೆಸರು ಒಣಗ್ಲಿ, ಆಮೇಲೆ ತೆಂಗಿನ ನಾರಲ್ಲಿ ಉದುರಿಸಿದ್ರಾಯ್ತು ಅಂದಳು. ಏನವ್ವ, ನಿನ್ನ ಬಿಳಿಗಾಲು ಎಮ್ಮೆ ಕಾಲಾಗಿದೆ ಅಂತ ಊರವರು ನಕ್ಕರೆ, ಸಾಕವ್ವನೂ ನಕ್ಕಳಂತೆ. ಚಿಕ್ಕೀರಿ ಮಾತ್ರ ಬಾಣಂತನ ಮುಗಿಸಿ ಮಗು ಎತ್ಕೊಂಡು ಬಂದು, ಅದರ ಪುಟ್ಟ ಕೈ ಜೋಡಿಸಿ ಆ ಕೆಸರುಗಾಲಿಗೇ ನಮಸ್ಕಾರ ಮಾಡಿಸಿದಳಂತೆ.

ಅವರು ಅಲ್ಲಿ ಸುಖವಾಗಿದ್ರು, ನಾವು ಇಲ್ಲಿ ಬೆಚ್ಚಗಿದೀವಿ. ಕತೆ ಮುಗೀತು, ಕಾಲು ಒಳಗೆಳ್ಕೋ. ಹೆಂಚಾ? ಬೆಳಿಗ್ಗೆ ಅಂದ್ನಲ್ಲ, ಮಲಗೇ!