ಹಿಮದಲ್ಲಿ ಮೂರು ದಿನ

ಹಿಮಬೆಟ್ಟದ ಬುಡದಲ್ಲಿ, ಹೊಳೆಯ ದಂಡೆಗೆ ಅಡಿವಯ್ಯನವರ ಆಶ್ರಮವಿತ್ತು. ಕೊಪ್ಪಳದ ಬಿಸಿಲಲ್ಲಿ ಹುಟ್ಟಿದವರು ಅಷ್ಟು ದೂರ ಯಾಕೆ ಹೋದರು ಅಂತ ಕೇಳಬೇಡಿ. ಹೋದರು, ನೆಲೆ ನಿಂತರು, ಅಷ್ಟೇ.

ಜಪದಷ್ಟೇ ಶ್ರದ್ಧೆಯಿಂದ ಅಲ್ಲಿ ನಡೆಯುತ್ತಿದ್ದ ಇನ್ನೊಂದು ಕೆಲಸ ಬ್ಯಾಟರಿ ಮಾಡುವುದು. ಕಣಿವೆ ದಾಟುವ ಯಾತ್ರಿಕರಿಗೆ ದೀಪ ಬೇಕಲ್ಲ, ಅದಕ್ಕೆ. ನಾಲ್ಕಾರು ಲೋಹ ಕರಗಿಸಿ ಬೆರೆಸಿ ಪುಡಿ ಮಾಡಿದರೆ, ಆ ಪುಡಿ ಜಲಜನಕವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ದೀಪ ಕೇಳಿದಾಗ ಬಿಟ್ಟುಕೊಡುತ್ತದೆ. ಬಿಟ್ಟರೇ ಬೆಳಕು. ಚಳಿ ಮೀರಿದರೆ ಮಾತ್ರ ಹಿಡಿದದ್ದನ್ನು ಬಿಡಲೊಲ್ಲದು.

ಕೊಟ್ರೇಶ ಅಯ್ಯನವರ ಶಿಷ್ಯ. ತಾನೇ ಬೆರೆಸಿ ಮಾಡಿದ ಮೊದಲ ಬ್ಯಾಟರಿಯನ್ನು ಆ ಕಾರ್ತೀಕದಲ್ಲಿ ಅಯ್ಯನವರ ಒಬ್ಬನೇ ಮಗ ಗವಿಸಿದ್ಧನ ಕೈಗಿಟ್ಟ. ಯಾತ್ರಿಕರನ್ನು ಕರೆತರಲು ಕಣಿವೆ ಹತ್ತುವವನು ಗವಿಸಿದ್ಧನೇ.

"ಪರೀಕ್ಷಾ ಮಾಡೀಯೇನೋ ಅಣ್ಣಾ?" ಎಂದ ಗವಿಸಿದ್ಧ. ಉತ್ತರಕ್ಕೂ ಕಾಯದೆ, "ಹೋಗ್ಲಿ ಬಿಡು, ನೀ ಮಾಡೀದಿ ಅಂದಮ್ಯಾಲೆ ಮುಗೀತು" ಎಂದು ನಕ್ಕು ಹೊರಟ.

ನಾಲ್ಕನೇ ದಿನ ಕಣಿವೆಯಲ್ಲಿ ದೀಪ ಆರಿತು. ಮಂಜಿನಲ್ಲಿ ದಾರಿ ಕಾಣದೆ ಗವಿಸಿದ್ಧ ಪ್ರಪಾತಕ್ಕೆ ಬಿದ್ದ. ದೇಹ ತಂದವರು ಅವನ ಲಾಟೀನನ್ನೂ ತಂದುಕೊಟ್ಟರು.

ಅಯ್ಯನವರು ಅಳಲಿಲ್ಲ, ಬೈಯಲಿಲ್ಲ. ಕುಲುಮೆಯ ಕಡೆ ಮಾತ್ರ ಮತ್ತೆ ಕಾಲಿಡಲಿಲ್ಲ. ಕೊಟ್ರೇಶನ ಜೀವವನ್ನು ಅದೇ ತಿಂದಿತು. ಬೈದಿದ್ದರೆ ಕಾಲು ಹಿಡಿದು ಅತ್ತಾದರೂ ಹಗುರಾಗುತ್ತಿದ್ದ, ಪಾಪ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಗಂಟು ಕಟ್ಟಿದ.

"ಹೊಂಟೀಯೇನು?" ಅಯ್ಯನವರು ಕೇಳಿದರು.

"ಇಲ್ಲಿರೋ ಯೋಗ್ಯತಾ ನನಗಿಲ್ರೀ ಅಯ್ಯಾರ. ಆ ಬ್ಯಾಟರಿನ ಹಿಮದಾಗ ಇಟ್ಟು ನೋಡಿದ್ದೆ. ಚಲೋ ಉರೀತು. ಎಲ್ಲಿ ತಪ್ಪಿದೆ ಅನ್ನೋದ ತಿಳೀವಲ್ದು."

"ಎಷ್ಟೊತ್ತು ಇಟ್ಟಿದ್ದಿ?"

"ಒಂದು ತಾಸು."

ಅಯ್ಯನವರು ಒಲೆಯ ಬೂದಿಯಿಂದ ಸುಟ್ಟ ಆಲೂಗಡ್ಡೆಯೊಂದನ್ನು ಕೆದಕಿ ತೆಗೆದರು. ಅಂಗಳದ ಹಿಮದಲ್ಲಿ ಹುಗಿದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದು ಅವನ ಕೈಗಿಟ್ಟರು.

"ತಣ್ಣಗ ಐತೇನು?"

"ಐತ್ರೀ."

"ಕಡಿ."

ಕಡಿದ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

ಆಗ ತಿಳಿಯಿತು. ಅವನ ಬ್ಯಾಟರಿ ಕುಲುಮೆಯ ಪಕ್ಕದಲ್ಲಿ ಬೆಚ್ಚಗಿದ್ದದ್ದು. ಒಂದು ತಾಸಿಗೆ ಅದರ ಮೈ ಆರಿತ್ತು, ಹೊಟ್ಟೆ ಆರಿರಲಿಲ್ಲ. ಒಳಗೆ ಉಳಿದಿದ್ದ ಬಿಸಿ ನಂಬಿ ಗವಿಸಿದ್ಧನನ್ನು ಕಳಿಸಿಬಿಟ್ಟಿದ್ದ. ಕೊಟ್ರೇಶ ಹೋ ಎಂದು ಅತ್ತ.

"ನಿಮಗ ಮೊದಲೇ ಗೊತ್ತಿತ್ತೇನ್ರೀ?"

"ಲಾಟೀನು ನೋಡಿದ ದಿನಾನ ಗೊತ್ತಾತು. ಒಲಿ ಮುಂದ ಇಟ್ಟರ ಮತ್ತ ಹತ್ತಿತು."

"ಮತ್ತ ನನ್ನ ಮ್ಯಾಲೆ ಸಿಟ್ಟಿಲ್ಲೇನ್ರೀ ಅಯ್ಯಾರ?"

ಅಯ್ಯನವರು ಅವನ ಕೈಯಲ್ಲಿದ್ದ ಆಲೂಗಡ್ಡೆಯನ್ನು ಒಮ್ಮೆ ನೋಡಿ ಒಳಗೆ ಹೋದರು.

ಕೊಟ್ರೇಶ ಗಂಟು ಬಿಚ್ಚಿದ. ಮಾಘದವರೆಗೂ ಒಬ್ಬನೇ ಲೋಹ ಕರಗಿಸಿದ. ಮಾಲಿಬ್ಡಿನಮ್ ಎಂಬ ಲೋಹ ಬೆರೆಸಿದರೆ ಪುಡಿಯ ಬಿಗಿ ಚಳಿಯಲ್ಲೂ ಸಡಿಲುತ್ತಿತ್ತು. ಆಸೆಗೆ ಬಿದ್ದು ಸುರಿದೇ ಸುರಿದ. ದೀಪವೇನೋ ಥಟ್ಟನೆ ಹತ್ತಿತು, ಆದರೆ ಗಳಿಗೆಯಲ್ಲಿ ಬರಿದಾಯಿತು.

ಕುಲುಮೆಯ ಬಾಗಿಲಾಚೆಯಿಂದ ಅಯ್ಯನವರ ದನಿ ಬಂತು. "ಹಾಲಿಗೆ ಹೆಪ್ಪು ಎಷ್ಟು ಹಾಕ್ತಾರಪಾ?"

ಅಷ್ಟೇ. ಒಳಗೆ ಬರಲಿಲ್ಲ.

ಕೊಟ್ರೇಶ ಚಿಟಿಕೆಗೆ ಇಳಿಸಿದ. ಹೊಸ ಬ್ಯಾಟರಿಯನ್ನು ಹಿಮದಲ್ಲಿ ಹುಗಿದು ಮೂರು ದಿನ ಅಲ್ಲೇ ಕಾದ. ಮೂರನೇ ದಿನ ಮಧ್ಯಾಹ್ನ ಅಗೆದು ತೆಗೆದಾಗ ಅದು ಅಂಗೈಗೆ ಅಂಟಿ ಚರ್ಮ ಕಿತ್ತಿತು. ದೀಪಕ್ಕೆ ಜೋಡಿಸಿದ. ಮೊದಲು ಮಂಕಾಗಿ ಮಿನುಗಿತು, ಆಮೇಲೆ ನೆಟ್ಟಗೆ ನಿಂತಿತು. ಹೊತ್ತು ಇಳಿದರೂ ಆರಲಿಲ್ಲ.

ಅಯ್ಯನವರ ಮುಂದೆ ತಂದಿಟ್ಟ.

"ಉರಿಯಾಕತ್ತೈತ್ರೀ" ಎಂದ. "ತಡಾ ಆತ್ರೀ ಅಯ್ಯಾರ."

ಅಯ್ಯನವರು ಎದ್ದು ಗೋಡೆಯ ಮಾಡದಿಂದ ಗವಿಸಿದ್ಧನ ಲಾಟೀನು ಇಳಿಸಿದರು. ಅಷ್ಟು ದಿನದ ಧೂಳನ್ನು ಧೋತರದ ತುದಿಯಿಂದ ಒರೆಸಿದರು. ತಣ್ಣಗೆ ಕೊರೆಯುತ್ತಿದ್ದ ಬ್ಯಾಟರಿಯನ್ನು ದೀಪದಿಂದ ಬಿಡಿಸಿ ಕೆನ್ನೆಗೆ ಒತ್ತಿಕೊಂಡರು. ಮಗ ಸತ್ತಾಗ ಬಾರದ ಕಣ್ಣೀರು ಆಗ ಬಂತು, ಗಡ್ಡವೆಲ್ಲ ತೊಯ್ಯಿತು.

ಆಮೇಲೆ ಅದನ್ನು ಲಾಟೀನಿನೊಳಗೆ ಕೂರಿಸಿ, ಉರಿಸಿ, ಕೊಟ್ರೇಶನ ಕೈಗೆ ಕೊಟ್ಟರು.

"ಹೂಂ, ತಡಾ ಆತಪಾ. ನಾಳೆ ಕುಲುಮಿ ಹಚ್ಚೋ ಮುಂದ ನನ್ನೂ ಕರಿ."