ಬಿಸಿ ಬರುವ ದಾರಿ

ದೇವರು ಕೊಟ್ಟದ್ದನ್ನು ಆಡಿಕೊಳ್ಳಬಾರದು. ಆದರೂ ಹೇಳುತ್ತೇನೆ, ಕೇಳಿ.

ಸಣ್ಣತಾಯಮ್ಮನಿಗೆ ಒಬ್ಬನೇ ಮಗ, ಕೆಂಪಲಿಂಗ. ಮೂವತ್ತು ದಾಟಿದ್ದರೂ ಒಲೆ ಹಚ್ಚಲು ಬಾರದು. "ನಾ ಹೋದಮೇಲೆ ನಿನಗೆ ಗಂಜಿ ಕಾಯಿಸೋರು ಯಾರೋ?" ಎಂದು ಆಕೆ ದಿನವೂ ಕೊರಗುತ್ತಿದ್ದಳು. ಕೊನೆಗೆ ಕಲಿಸಲು ಕೂತಳು.

"ಗಂಜಿ ತಿರುವುತ್ತಾ ಇರು. ಸೌಟು ಬಿಡಬೇಡ!"

ಬಿಡಲಿಲ್ಲ. ಕಬ್ಬಿಣದ ಸೌಟು ಕಾದು ಅಂಗೈ ಸುಟ್ಟು ಬೊಬ್ಬೆ ಎದ್ದರೂ ಬಿಡಲಿಲ್ಲ.

"ಅಯ್ಯೋ ಪೆದ್ದೇ! ಬೆಂಕಿ ದೂರ ಇದ್ದರೇನು, ಬಿಸಿ ಕಬ್ಬಿಣದೊಳಗೆ ನಡೆದು ಬರುತ್ತೆ. ಮರದೊಳಗೆ ಅಷ್ಟು ಬೇಗ ಬರಲ್ಲ. ಇನ್ನುಮೇಲೆ ಮರದ್ದು ಹಿಡಿ!"

"ಆಗಲಿ ಅವ್ವಾ."

ಮಾರನೆಯ ದಿನ ಪಕ್ಕದ ಮನೆ ಜವರಪ್ಪನಲ್ಲಿಗೆ ಕೆಂಡ ತರಲು ಹೋದ. ಮರದ ಕೊಳಗ ಹಿಡಿದೇ ಹೋದ. ದಾರಿಯಲ್ಲಿ ಕೊಳಗದ ತಳ ಉರಿದು ಬಿತ್ತು.

"ಅಯ್ಯೋ ಪೆದ್ದೇ! ಕೆಂಡವನ್ನ ಬೂದಿಯಲ್ಲಿ ಮುಚ್ಚಬೇಕು ಕಣೋ. ಬೂದಿ ಬಿಸೀನ ಹೊರಗೆ ಬಿಡಲ್ಲ!"

"ಆಗಲಿ ಅವ್ವಾ."

ಆ ವಾರವೇ ಸಣ್ಣತಾಯಮ್ಮನಿಗೆ ಚಳಿಜ್ವರ ಬಂತು. "ಮಗಾ, ಮೈ ಬಿಸಿ ಆರಿಹೋಗ್ತಿದೆ, ಮುಚ್ಚೋ" ಎಂದು ಕಣ್ಣು ಮುಚ್ಚಿದಳು. ಮುಚ್ಚಿದ. ಜವರಪ್ಪ ಕಷಾಯ ತಂದಾಗ ಚಾಪೆಯ ಮೇಲೆ ಕುತ್ತಿಗೆಯವರೆಗೆ ಬೂದಿಯ ಗುಡ್ಡೆ. ಮೇಲೊಂದು ಬೂದು ಮುಖ. ಅದು ಮೆಲ್ಲಗೆ ಕಣ್ಣು ತೆರೆಯಿತು.

"ಶಿವ ಶಿವಾ!" ಕಷಾಯ ನೆಲದ ಪಾಲಾಯಿತು.

ಬೈಯಲು ಆಕೆಗೆ ಉಸಿರಿರಲಿಲ್ಲ. "ಪೆದ್ದೇ... ಬೂದಿ ಇರೋ ಬಿಸೀನ ಕಾಯುತ್ತೆ, ಹೊಸದು ತರಲ್ಲ. ಹೊಸದು ಬೆಂಕಿಯಿಂದಲೇ ಬರಬೇಕು. ಬರೋವರೆಗೆ ತಾಳ್ಮೆ ಬೇಕು..."

"ಆಗಲಿ ಅವ್ವಾ."

ಬೆಳಗ್ಗೆ ಆಕೆ ಏಳಲಿಲ್ಲ.

ಮಧ್ಯಾಹ್ನ ಜವರಪ್ಪ ನಾಲ್ಕು ಜನರೊಂದಿಗೆ ಬಂದ. ಚಾಪೆಯನ್ನು ಒಲೆಯ ಬಳಿಗೆ ಎಳೆದಾಗಿತ್ತು. ಕಬ್ಬಿಣದ ಮೋಟು ಹಾರೆಯ ಒಂದು ತುದಿ ಕೆಂಡದಲ್ಲಿ, ಇನ್ನೊಂದು ತುದಿ ಆಕೆಯ ಮುಷ್ಟಿಯಲ್ಲಿ. ಕೆಂಪಲಿಂಗ ಕಾಯುತ್ತಾ ಕೂತಿದ್ದ.

"ಏನೋ ಇದು?"

"ಅವ್ವ ತಣ್ಣಗಾಗಿದ್ದಳು ಜವರಣ್ಣ. ಬಿಸಿ ಒಲೆಯಿಂದ ಹೊರಟಿದೆ."

"ಅವ್ವ ತೀರಿಕೊಂಡಳು ಕಣಪ್ಪಾ. ಎತ್ತಬೇಕು, ಏಳು."

"ಮುಟ್ಟಿ ನೋಡು."

ಜವರಪ್ಪ ಹಣೆ ಮುಟ್ಟಿದ. ಬಾವಿಯ ಕಲ್ಲಿನಂತಿತ್ತು. ಕೈ ಮುಟ್ಟಿದ.

ಬೆಚ್ಚಗಿತ್ತು.

ಹೊತ್ತೊಯ್ಯಲು ಬಂದ ನಾಲ್ವರೂ ಹೊಸಿಲಾಚೆ ಸರಿದರು.

"ಬೆರಳಿಗೆ ಬಂತು ನೋಡು" ಎಂದ ಕೆಂಪಲಿಂಗ, ಇನ್ನೊಂದು ಸೌದೆ ಒಟ್ಟುತ್ತಾ. "ಮೊಣಕೈ ದಾಟಬೇಕು, ಭುಜ ಹತ್ತಬೇಕು. ಸಂಜೆಗೆ ಎದೆ ಮುಟ್ಟುತ್ತೆ. ಕೂತ್ಕೋ ಜವರಣ್ಣ, ಎದ್ದಮೇಲೆ ಅವಳೇ ಗಂಜಿ ಕಾಯಿಸ್ತಾಳೆ."